ದಿಢೀರ್ ಬಿಡುವು ಸಿಕ್ಕಾಗ ಕಡಲಹಕ್ಕಿ ಮತ್ತು ಅಲೆಗಳ ಫೋಟೋ ತೆಗೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಕೆಲಸದ ದಿನದ ನಡುವೆ ಇದ್ದಕ್ಕಿದ್ದ ಹಾಗೆ ಎರಡು ಮೂರು ಗಂಟೆ ಖಾಲಿ ಸಿಗುತ್ತದೆ. ಮೀಟಿಂಗ್ ನಾಳೆಗೆ ಹೋಗಿರುತ್ತದೆ, ಅಥವಾ ಬರಬೇಕಾದವರು ಬರುವುದಿಲ್ಲ ಎಂದು ಫೋನ್ ಮಾಡಿರುತ್ತಾರೆ. ಸಮುದ್ರ ದೂರವೇನಿಲ್ಲ. ಕ್ಯಾಮೆರಾ ತಗೊಂಡು ಹೊರಟುಬಿಡೋಣ ಅನ್ನಿಸುತ್ತದೆ. ಅಂಥ ಬಿಡುವಿಗಾಗಿಯೇ ಈ ಬರಹ.

ತಿಂಗಳ ಮೊದಲೇ ಗೊತ್ತು ಮಾಡಿಕೊಂಡು ಹೋಗುವ ಫೋಟೋ ಪ್ರವಾಸ ಬೇರೆ. ಅಲ್ಲಿ ಉಬ್ಬರ, ಬೆಳಕು, ಹಕ್ಕಿಗಳ ಕಾಲ ಎಲ್ಲ ನೋಡಿಕೊಂಡು ದಿನ ಆರಿಸಬಹುದು. ದಿಢೀರನೆ ಹೊರಟಾಗ ಸಮುದ್ರ ಹೇಗಿದೆಯೋ ಹಾಗೇ ಸಿಗುತ್ತದೆ. ಹೀಗೆ ಹೋಗಿ ಹೋಗಿ ನಾನು ಕಲಿತದ್ದು ಇಷ್ಟು. ದಡಕ್ಕೆ ಬಂದವರು ಸಾಮಾನ್ಯವಾಗಿ ಮೊದಲು ಬೆಳಕು ನೋಡುತ್ತಾರೆ. ಮೊದಲು ನೋಡಬೇಕಾದ್ದು ಗಾಳಿ. ಹಕ್ಕಿ ನಿಮಗೆ ಮುಖ ಕೊಡುತ್ತದೋ ಬೆನ್ನು ತೋರಿಸುತ್ತದೋ, ಅಲೆ ಗೋಡೆಯ ಹಾಗೆ ಎದ್ದು ನಿಲ್ಲುತ್ತದೋ ಅರ್ಧಕ್ಕೇ ಕುಸಿಯುತ್ತದೋ, ಲೆನ್ಸ್ ಮೇಲೆ ಉಪ್ಪು ಕೂರುತ್ತದೋ ಇಲ್ಲವೋ, ಇವೆಲ್ಲ ಗಾಳಿ ಬೀಸುವ ದಿಕ್ಕಿನ ಮೇಲೆ ನಿಂತಿವೆ.

ಹಂತ 1: ಬ್ಯಾಗು ಮೊದಲೇ ತಯಾರಿರಲಿ

ಬಿಡುವು ಹೇಳಿ ಕೇಳಿ ಬರುವುದಿಲ್ಲ. ಅದು ಬಂದಾಗ ಬ್ಯಾಟರಿ ಚಾರ್ಜ್ ಮಾಡುತ್ತಾ, ಮೆಮೊರಿ ಕಾರ್ಡ್ ಹುಡುಕುತ್ತಾ ಕೂತರೆ ಅರ್ಧ ಗಂಟೆ ಅಲ್ಲೇ ಹೋಯಿತು. ಅದಕ್ಕೇ ಒಂದು ಚಿಕ್ಕ ಬ್ಯಾಗನ್ನು ಯಾವಾಗಲೂ ತಯಾರು ಮಾಡಿ ಬಾಗಿಲ ಹತ್ತಿರ ಇಡಿ. ಕ್ಯಾಮೆರಾ, ಒಂದೇ ಒಂದು ಜೂಮ್ ಲೆನ್ಸ್, ತುಂಬಿದ ಎರಡು ಬ್ಯಾಟರಿ, ಖಾಲಿ ಕಾರ್ಡ್ ಅದರಲ್ಲಿರಲಿ.

ಇದರ ಜೊತೆಗೆ ಕೆಲವು ಸಣ್ಣ ಸಾಮಾನು ಬೇಕು. ಎರಡು ಮೈಕ್ರೋಫೈಬರ್ ಬಟ್ಟೆ, ಒಂದು ಒದ್ದೆ ಮಾಡಿಕೊಳ್ಳಲು, ಒಂದು ಒಣದು. ರಬ್ಬರ್ ಬ್ಲೋವರ್. ಒಂದು ಬಾಟಲಿ ಸಿಹಿನೀರು. ಕ್ಯಾಮೆರಾ ಮುಚ್ಚಲು ಒಂದು ದಪ್ಪ ಪ್ಲಾಸ್ಟಿಕ್ ಚೀಲ. ಕೂರಲು ಒಂದು ಹಳೆಯ ಟವೆಲ್. ಟವೆಲ್ ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಲೆನ್ಸ್ ವಿಚಾರಕ್ಕೆ ಬಂದರೆ, ಒಂದೊಂದು ಹಕ್ಕಿಯನ್ನೇ ಹತ್ತಿರದಿಂದ ತೆಗೆಯಲು 300ರಿಂದ 400 ಮಿ.ಮೀ. ಬೇಕಾಗುತ್ತದೆ. 100-400 ಜೂಮ್ ಇದ್ದರೆ ಹಕ್ಕಿಗೂ ಆಯಿತು, ಅಲೆಗೂ ಆಯಿತು. 70-200 ಅಥವಾ 70-300 ಮಾತ್ರ ಇದ್ದರೂ ಹೊರಡಿ. ಹಕ್ಕಿ ಚಿಕ್ಕದಾಗಿ, ಸಮುದ್ರ ದೊಡ್ಡದಾಗಿ ಬರುವ ಚಿತ್ರ ಎಷ್ಟೋ ಸಲ ಇನ್ನೂ ಚೆಂದ. ಎರಡು ಲೆನ್ಸ್ ಬೇಡ ಎನ್ನುವುದಕ್ಕೆ ಕಾರಣವಿದೆ. ಮರಳು ಹಾರುವ ಜಾಗದಲ್ಲಿ ಲೆನ್ಸ್ ಬದಲಾಯಿಸಿದರೆ ಸೆನ್ಸರ್ ಮೇಲೆ ಧೂಳೂ ಉಪ್ಪೂ ಕೂರುತ್ತವೆ. ಒಂದನ್ನು ಹಾಕಿಕೊಂಡು ಹೋಗಿ, ಅದರಲ್ಲೇ ಮುಗಿಸಿ.

ಹಂತ 2: ಹೊರಡುವ ಮುಂಚೆ ಐದು ನಿಮಿಷ

ಫೋನಿನಲ್ಲಿ ಮೂರು ವಿಷಯ ನೋಡಿಕೊಳ್ಳಿ: ಗಾಳಿಯ ದಿಕ್ಕು, ಉಬ್ಬರ ಇಳಿತದ ಸಮಯ, ಅಲೆಗಳ ಎತ್ತರ ಮತ್ತು ಅವುಗಳ ನಡುವಿನ ಅಂತರ.

ಹಿತವಾದ ಹವೆಯ ದಿನಗಳಲ್ಲಿ ಗಾಳಿಗೆ ಒಂದು ದಿನಚರಿ ಇರುತ್ತದೆ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ನೀರು ಬೆಚ್ಚಗೇ ಇರುತ್ತದೆ. ಹಾಗಾಗಿ ಬೆಳಗಿನ ಜಾವ ಗಾಳಿ ನೆಲದಿಂದ ಸಮುದ್ರದ ಕಡೆ ಮೆಲ್ಲಗೆ ಬೀಸುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಇದು ತಿರುಗುತ್ತದೆ. ಮಧ್ಯಾಹ್ನ ಸಮುದ್ರದಿಂದ ನೆಲಕ್ಕೆ ಜೋರಾಗಿಯೇ ಬೀಸುತ್ತದೆ. ಸಂಜೆ ಮತ್ತೆ ಸಣ್ಣಗಾಗುತ್ತದೆ. ನಿಮ್ಮ ಬಿಡುವು ಬೆಳಿಗ್ಗೆ ಸಿಕ್ಕಿದರೆ ಗಾಳಿ ನಿಮ್ಮ ಪರವಾಗಿರುವ ಸಾಧ್ಯತೆ ಜಾಸ್ತಿ. ಮಧ್ಯಾಹ್ನ ಸಿಕ್ಕಿದರೆ ನಿಲ್ಲುವ ಜಾಗ ಬದಲಾಯಿಸಬೇಕು, ಅಷ್ಟೇ.

ಉಬ್ಬರದ ಲೆಕ್ಕ ಸುಲಭ. ಹೆಚ್ಚಿನ ಕಡಲತೀರಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಅದಕ್ಕೇ ಪ್ರತಿದಿನ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತಮುತ್ತ ನೀರು ತುಂಬಾ ಮೇಲೂ ಬರುತ್ತದೆ, ತುಂಬಾ ಕೆಳಗೂ ಹೋಗುತ್ತದೆ. ಇಳಿತದಿಂದ ಉಬ್ಬರಕ್ಕೆ ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಆರು ಗಂಟೆಯಲ್ಲಿ ಮಧ್ಯದ ಎರಡು ಗಂಟೆಯಲ್ಲೇ ಏರಿಕೆಯ ಹೆಚ್ಚೂ ಕಡಿಮೆ ಅರ್ಧ ಆಗಿಬಿಡುತ್ತದೆ. ಬಂಡೆಯ ಮೇಲೆ ಕೂತು ಕಣ್ಣನ್ನು ವ್ಯೂಫೈಂಡರ್‌ಗೆ ಅಂಟಿಸಿಕೊಂಡವರಿಗೆ ಈ ಲೆಕ್ಕ ಜೀವ ಉಳಿಸುವ ಲೆಕ್ಕ. ಬಂದ ದಾರಿ ಹಿಂದೆ ಮುಳುಗಿರುತ್ತದೆ.

ಅಲೆಯ ವಿಷಯದಲ್ಲಿ ಎತ್ತರ ಮಾತ್ರ ನೋಡಿದರೆ ಸಾಲದು. ಒಂದು ಅಲೆಗೂ ಇನ್ನೊಂದಕ್ಕೂ ಎಷ್ಟು ಸೆಕೆಂಡ್ ಅಂತರ ಎಂದು ನೋಡಿ. 5, 6 ಸೆಕೆಂಡ್ ಅಂದರೆ ಹತ್ತಿರದ ಗಾಳಿ ಎಬ್ಬಿಸಿದ ಚಿಕ್ಕ, ಒರಟು ಅಲೆ. 12 ಸೆಕೆಂಡ್‌ಗಿಂತ ಜಾಸ್ತಿ ಅಂದರೆ ದೂರದ ಬಿರುಗಾಳಿಯಿಂದ ಪಯಣಿಸಿ ಬಂದ ಉದ್ದನೆಯ ಅಲೆ. ಕ್ಯಾಮೆರಾಕ್ಕೆ ಅದೇ ಚೆಂದ, ಸಾಲು ಸಾಲಾಗಿ ಬರುತ್ತದೆ. ಆದರೆ ಅದೇ ಹೆಚ್ಚು ಬಲದ್ದು, ದಡದಲ್ಲಿ ಜಾಸ್ತಿ ದೂರ ನುಗ್ಗುತ್ತದೆ.

ಹಂತ 3: ಬಂದ ಕೂಡಲೇ ಕ್ಯಾಮೆರಾ ತೆಗೆಯಬೇಡಿ

ಇದನ್ನು ಪಾಲಿಸುವುದು ಕಷ್ಟ, ನನಗೆ ಗೊತ್ತು. ಸಮಯ ಇರುವುದೇ ಎರಡು ಗಂಟೆ. ಆದರೂ ಮೊದಲ 15, 20 ನಿಮಿಷ ಸುಮ್ನೆ ನೋಡಿ.

ಒಂದು ಚಿಟಿಕೆ ಒಣ ಮರಳು ತೆಗೆದುಕೊಂಡು ಸೊಂಟದ ಎತ್ತರದಿಂದ ಬಿಡಿ. ಅದು ಯಾವ ಕಡೆ ಹೋಗುತ್ತದೆ ನೋಡಿ. ಅದಕ್ಕಿಂತ ಸುಲಭ ಇನ್ನೊಂದಿದೆ. ಮರಳಿನ ಮೇಲೆ ನಿಂತ ಬಿಳಿ ಬೂದು ಕಡಲಹಕ್ಕಿ ಗಲ್‌ಗಳನ್ನು ನೋಡಿ. ಹೆಚ್ಚೂ ಕಡಿಮೆ ಎಲ್ಲವೂ ಒಂದೇ ಕಡೆ ಮುಖ ಮಾಡಿರುತ್ತವೆ. ಅವು ಮುಖ ಮಾಡಿದ ಕಡೆಯಿಂದಲೇ ಗಾಳಿ ಬರುತ್ತಿದೆ. ಬೆನ್ನಿನ ಕಡೆಯಿಂದ ಗಾಳಿ ಬಂದರೆ ಗರಿ ಕೆದರುತ್ತದೆ, ಚಳಿ ಒಳಗೆ ಹೋಗುತ್ತದೆ. ಅದಕ್ಕೇ ಹಾಗೆ ನಿಲ್ಲುತ್ತವೆ. ಏಳುವಾಗಲೂ ಇಳಿಯುವಾಗಲೂ ಅವು ಗಾಳಿಗೆ ಎದುರಾಗಿಯೇ ಬರುತ್ತವೆ.

ಈಗ ಲೆಕ್ಕ ಹಾಕಿ. ನೀವು ಸಮುದ್ರದ ಕಡೆ ಮುಖ ಮಾಡಿ ಕೂತಿದ್ದೀರಿ. ಗಾಳಿ ನಿಮ್ಮ ಬೆನ್ನ ಹಿಂದಿನಿಂದ, ಅಂದರೆ ನೆಲದಿಂದ ನೀರಿಗೆ ಬೀಸುತ್ತಿದೆ. ಇಳಿಯಲು ಬರುವ ಹಕ್ಕಿ ಗಾಳಿಗೆ ಎದುರಾಗಿ, ಅಂದರೆ ನೇರ ನಿಮ್ಮ ಕಡೆಗೇ ಬರುತ್ತದೆ. ಅದೇ ಗಾಳಿ ಒಡೆಯಲಿರುವ ಅಲೆಯ ಮುಖಕ್ಕೆ ಒತ್ತಿ ಅದನ್ನು ಇನ್ನಷ್ಟು ಹೊತ್ತು ನಿಲ್ಲಿಸುತ್ತದೆ. ಅಲೆಯ ನೆತ್ತಿಯಿಂದ ತುಂತುರು ಹಿಂದಕ್ಕೆ, ಕುದುರೆಯ ಜೂಲಿನ ಹಾಗೆ ಹಾರುತ್ತದೆ. ಉಪ್ಪು ನೀರೂ ನಿಮ್ಮ ಲೆನ್ಸ್‌ನಿಂದ ದೂರ ಹೋಗುತ್ತದೆ. ಮೂರೂ ಲಾಭ ಒಂದೇ ಗಾಳಿಯಿಂದ. ಬೆನ್ನ ಹಿಂದೆಯೇ ಸೂರ್ಯನೂ ಇದ್ದರೆ ಅಂಥ ಜಾಗ ಬಿಟ್ಟು ಕದಲಬೇಡಿ.

ಗಾಳಿ ಸಮುದ್ರದಿಂದ ಮುಖಕ್ಕೇ ಬೀಸುತ್ತಿದ್ದರೆ ಹಕ್ಕಿಗಳು ಬಾಲ ತೋರಿಸಿಕೊಂಡು ಹೋಗುತ್ತವೆ, ಅಲೆಗಳು ಬೇಗ ಕುಸಿಯುತ್ತವೆ, ಲೆನ್ಸ್ ನಿಮಿಷಕ್ಕೊಮ್ಮೆ ಮಂಜಾಗುತ್ತದೆ. ಆಗ ಸಮುದ್ರಕ್ಕೆ ಎದುರಾಗಿ ಕೂರಬೇಡಿ. ನೀರಿನೊಳಕ್ಕೆ ಚಾಚಿದ ದಿಬ್ಬ ಅಥವಾ ಕಲ್ಲಿನ ತಡೆಗೋಡೆ ಇದ್ದರೆ ಅದರ ಮರೆಗೆ ಹೋಗಿ, ದಡದ ಉದ್ದಕ್ಕೂ ಅಡ್ಡವಾಗಿ ನೋಡಿ. ಹಕ್ಕಿಗಳು ಪಕ್ಕದಿಂದ ಸಿಗುತ್ತವೆ, ಅಲೆಗಳ ಸಾಲು ಒಂದರ ಹಿಂದೆ ಒಂದು ಕಾಣುತ್ತದೆ. ಎತ್ತರದ ದಂಡೆಗೆ ಗಾಳಿ ಬಡಿದು ಮೇಲಕ್ಕೆ ಏರುವ ಕಡೆ ಗಲ್‌ಗಳು ರೆಕ್ಕೆ ಬಡಿಯದೆ ನಿಂತಲ್ಲೇ ತೇಲುತ್ತವೆ. ಹಾರುವ ಹಕ್ಕಿ ತೆಗೆಯಲು ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಈ 20 ನಿಮಿಷದಲ್ಲಿ ಅಲೆಗಳನ್ನೂ ಎಣಿಸಿ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ. ನಾಲ್ಕೈದು ದೊಡ್ಡವು ಬಂದು, ಆಮೇಲೆ ಕೆಲವು ನಿಮಿಷ ಸಮುದ್ರ ಸಪ್ಪಗಾಗುತ್ತದೆ. ಸಪ್ಪಗಿರುವಾಗ ಬಂದವರು ಇದು ಶಾಂತ ಸಮುದ್ರ ಅಂದುಕೊಂಡು ಬಂಡೆಯ ತುದಿಗೆ ನಡೆದುಬಿಡುತ್ತಾರೆ. ಅವಘಡ ಆಗುವುದು ಆಗಲೇ. ಬಂಡೆ ಎಲ್ಲಿಯವರೆಗೆ ಒದ್ದೆಯಾಗಿದೆ ನೋಡಿ. ಆ ಗೆರೆಗಿಂತ ಸಾಕಷ್ಟು ಹಿಂದೆಯೇ ನಿಮ್ಮ ಜಾಗ. ಪಾಚಿ ಕಟ್ಟಿದ ಕಪ್ಪು ಬಂಡೆಯ ಮೇಲೆ ಕಾಲಿಡಲೇಬೇಡಿ. ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಬೇಡಿ, ಸ್ಕ್ರೀನ್ ನೋಡಲಿಕ್ಕೂ ಬೇಡ.

ಇನ್ನೊಂದು ಮಾತು. ಅಲೆಗಳು ಒಡೆಯುವ ಸಾಲಿನ ಮಧ್ಯೆ ಒಂದು ಕಡೆ ಮಾತ್ರ ನೀರು ಶಾಂತವಾಗಿ, ಸ್ವಲ್ಪ ಗಾಢವಾಗಿ ಕಂಡರೆ ಅದು ಇಳಿಯಲು ಒಳ್ಳೆಯ ಜಾಗ ಅಲ್ಲ. ಬಂದ ನೀರು ವಾಪಸ್ ಹೋಗುವ ದಾರಿ ಅದು, ಎಳೆದುಕೊಂಡು ಹೋಗುವ ಸೆಳೆತ. ಮೊಣಕಾಲು ನೀರಿನಲ್ಲಿ ನಿಂತು ಫೋಟೋ ತೆಗೆಯುವ ಆಸೆ ಇದ್ದರೂ ಅಲ್ಲಿ ಬೇಡ. ಅಕಸ್ಮಾತ್ ಸಿಕ್ಕಿಕೊಂಡರೆ ದಡದ ಕಡೆ ಈಜಾಡಿ ಸುಸ್ತಾಗಬಾರದು. ತೇಲಿಕೊಂಡು ಕೈ ಎತ್ತಿ ಕೂಗಬೇಕು. ಈಜಲು ಆದರೆ ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬರಬೇಕು. ಒಬ್ಬರೇ ಹೊರಟರೆ ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ ಅಂತ ಯಾರಿಗಾದರೂ ಒಂದು ಮೆಸೇಜ್ ಹಾಕಿ ಹೊರಡಿ.

ಹಂತ 4: ಹಕ್ಕಿಗಳ ಹತ್ತಿರ ಹೋಗಬೇಡಿ, ಅವೇ ಬರಲಿ

ಟವೆಲ್ ಬೇಕಾಗುವುದು ಇಲ್ಲಿ. ಒಂದು ಜಾಗ ಆರಿಸಿ, ಹಾಸಿ, ಕೂತುಬಿಡಿ. ಇನ್ನೂ ಒಳ್ಳೆಯದು ಮಲಗುವುದು. ನಿಂತ ಮನುಷ್ಯ ಹಕ್ಕಿಗೆ ದೊಡ್ಡ ಪ್ರಾಣಿ. ಕೂತವನ ಬಗ್ಗೆ ಅದರ ಭಯ ಬೇಗ ಕಡಿಮೆಯಾಗುತ್ತದೆ. ಫೋಟೋಗೂ ಅದರಿಂದ ಲಾಭ. ನಿಂತು ತೆಗೆದರೆ ಹಕ್ಕಿಯ ಹಿಂದೆ ಬರೀ ಮರಳು ಬರುತ್ತದೆ. ಹಕ್ಕಿಯ ಕಣ್ಣಿನ ಎತ್ತರಕ್ಕೆ ಇಳಿದರೆ ಹಿಂದೆ ದೂರದ ಅಲೆಯ ನೀಲಿ, ಬಿಳಿ ಎಲ್ಲ ಕರಗಿ ಮೆತ್ತಗೆ ಕಾಣುತ್ತದೆ.

ನಾನು ಒಮ್ಮೆ ಹೀಗೆ ಹೊಟ್ಟೆಯ ಮೇಲೆ ಮಲಗಿದ್ದೆ. ಏಳೆಂಟು ಸ್ಯಾಂಡರ್ಲಿಂಗ್‌ಗಳು ನೀರಿನ ಅಂಚಿನಲ್ಲಿ ಓಡಾಡುತ್ತಿದ್ದವು. ಅಂಗೈಯಷ್ಟು ದೊಡ್ಡ ಬೂದು ಬಿಳಿ ಹಕ್ಕಿ. ಅಲೆ ಹಿಂದೆ ಸರಿದ ಕೂಡಲೇ ಅದರ ಬೆನ್ನು ಹತ್ತಿ ಓಡುತ್ತವೆ, ಒದ್ದೆ ಮರಳಿಗೆ ಕೊಕ್ಕು ಚುಚ್ಚಿ ಸಣ್ಣ ಹುಳ, ಏಡಿಮರಿ ಹೆಕ್ಕುತ್ತವೆ. ಮುಂದಿನ ಅಲೆ ಬಂದಾಗ ಅಷ್ಟೇ ಚುರುಕಾಗಿ ವಾಪಸ್. ಕಪ್ಪು ಕಾಲುಗಳು ಎಷ್ಟು ಬೇಗ ಆಡುತ್ತವೆ ಎಂದರೆ ಕಾಲೇ ಕಾಣುವುದಿಲ್ಲ, ಹೊಟ್ಟೆ ಮಾತ್ರ ಮರಳಿನ ಮೇಲೆ ಜಾರಿದ ಹಾಗೆ ಕಾಣುತ್ತದೆ. ಅವು ಹೋದ ಮೇಲೆ ಹೆಜ್ಜೆ ಗುರುತು ನೋಡಿದೆ. ಮುಂದೆ ಮೂರು ಬೆರಳು, ಹಿಂಬೆರಳು ಇಲ್ಲ. ಆ ಗುಂಪಿನ ಬೇರೆ ಹಕ್ಕಿಗಳಿಗೆ ಸಾಮಾನ್ಯವಾಗಿ ಹಿಂಬೆರಳು ಇರುತ್ತದೆ, ಇದಕ್ಕಿಲ್ಲ. ನಾನು ಅಲ್ಲಾಡದೆ ಇದ್ದೆ. ಹತ್ತು ನಿಮಿಷದಲ್ಲಿ ಅವು ತಾವಾಗಿಯೇ ಎಷ್ಟು ಹತ್ತಿರ ಬಂದವು ಎಂದರೆ ಲೆನ್ಸ್ ಫೋಕಸ್ ಆಗಲಿಲ್ಲ. ಹಿಂದೆ ಹೋಗಿ ಅಟ್ಟಿಸಿಕೊಂಡು ತೆಗೆದ ನನ್ನ ಯಾವ ಫೋಟೋದಲ್ಲೂ ಆ ನಿರಾಳ ಇಲ್ಲ.

ಹತ್ತಿರ ಹೋಗಲೇಬೇಕಾದರೆ ನೇರವಾಗಿ ನಡೆಯಬೇಡಿ. ಓರೆಯಾಗಿ, ಬೇರೆ ಎಲ್ಲಿಗೋ ಹೋಗುತ್ತಿರುವ ಹಾಗೆ, ನಿಂತು ನಿಂತು ಹೋಗಿ. ಹಕ್ಕಿ ತಿನ್ನುವುದು ಬಿಟ್ಟು ತಲೆ ಎತ್ತಿದರೆ ನಿಲ್ಲಿ. ಕುತ್ತಿಗೆ ಉದ್ದ ಮಾಡಿ ಆಚೆ ನಡೆಯಲು ಶುರು ಮಾಡಿದರೆ ಎರಡು ಹೆಜ್ಜೆ ಹಿಂದೆ ಬನ್ನಿ.

ಉಬ್ಬರದ ಹೊತ್ತಿನಲ್ಲಿ ದಡದ ಹಕ್ಕಿಗಳು ಒಂದೆಡೆ ಒತ್ತಾಗಿ ನಿಂತು ವಿಶ್ರಾಂತಿ ತೆಗೆದುಕೊಳ್ಳುತ್ತವೆ. ಆ ಗುಂಪು ನೋಡಿದರೆ ಹಾರಿಸಿ ತೆಗೆಯುವ ಆಸೆ ಆಗುತ್ತದೆ. ದಯವಿಟ್ಟು ಬೇಡ. ಇಂಥ ಹಕ್ಕಿಗಳಲ್ಲಿ ಒಂದಾದ ಬಾರ್-ಟೇಲ್ಡ್ ಗಾಡ್‌ವಿಟ್‌ನ ಕತೆ ಕೇಳಿ. 2022ರ ಅಕ್ಟೋಬರ್‌ನಲ್ಲಿ ಐದು ತಿಂಗಳ ಒಂದು ಮರಿ ಅಲಾಸ್ಕಾದಿಂದ ಹೊರಟು, ಎಲ್ಲೂ ಇಳಿಯದೆ, 11 ದಿನ ಹಾರಿ ಆಸ್ಟ್ರೇಲಿಯಾದ ಟಾಸ್ಮೇನಿಯಾ ತಲುಪಿತು. ಒಟ್ಟು 13,560 ಕಿಲೋಮೀಟರ್. ಅದರ ಮೈಮೇಲಿದ್ದ ಪುಟ್ಟ ಉಪಗ್ರಹ ಟ್ಯಾಗ್‌ನಿಂದ ಇದು ಗೊತ್ತಾಯಿತು. ನಿಮ್ಮ ಮುಂದೆ ಕೊಕ್ಕನ್ನು ಬೆನ್ನೊಳಗೆ ತೂರಿಸಿ ಮಲಗಿರುವ ಹಕ್ಕಿಯೂ ಎಲ್ಲಿಂದ ಬಂದಿದೆಯೋ ಗೊತ್ತಿಲ್ಲ ಅಲ್ವಾ? ಅದು ಮಲಗಲಿ.

ಗೂಡಿನ ಕಾಲದಲ್ಲಿ ಇನ್ನೂ ಎಚ್ಚರ. ನಮ್ಮಲ್ಲಿ ರೀವ ಎನ್ನುವ ಹಲವು ಟರ್ನ್‌ಗಳು, ದಡದ ಚಿಕ್ಕ ಹಕ್ಕಿಗಳಾದ ಪ್ಲೋವರ್‌ಗಳು ಗೂಡು ಕಟ್ಟುವುದಿಲ್ಲ. ಬರಿ ಮರಳಿನ ಗುಂಡಿಯಲ್ಲೇ ಮೊಟ್ಟೆ ಇಡುತ್ತವೆ. ಮೊಟ್ಟೆಯ ಬಣ್ಣವೂ ಮರಳಿನದೇ, ಕಾಲ ಕೆಳಗೆ ಬಂದರೂ ಕಾಣುವುದಿಲ್ಲ. ಟರ್ನ್ ತಲೆಯ ಮೇಲೆ ಕಿರುಚುತ್ತಾ ಎರಗಿ ಬರುತ್ತಿದ್ದರೆ, ಅಥವಾ ಪ್ಲೋವರ್ ರೆಕ್ಕೆ ಮುರಿದ ಹಾಗೆ ನಟಿಸುತ್ತಾ ಮುಂದೆ ಮುಂದೆ ಹೋಗುತ್ತಿದ್ದರೆ ನೀವು ಮೊಟ್ಟೆ ಮರಿಗಳ ಹತ್ತಿರ ಇದ್ದೀರಿ. ಬಂದ ಹೆಜ್ಜೆಯ ಮೇಲೆಯೇ ವಾಪಸ್ ಹೋಗಿ. ಅಲ್ಲಿ ಡ್ರೋನ್ ಅಂತೂ ಹಾರಿಸಬೇಡಿ.

ಹಂತ 5: ಹಕ್ಕಿಗೆ ಕ್ಯಾಮೆರಾ ಸೆಟ್ಟಿಂಗ್

ದಡದಲ್ಲಿ ನಾನು ಬೆಳಕಿನ ಅಳತೆಯನ್ನು ಕೈಯಾರೆ ಇಡುವ ಮ್ಯಾನುಯಲ್ ಎಕ್ಸ್‌ಪೋಷರ್ ಬಳಸುತ್ತೇನೆ, ನಿಮಗೂ ಅದನ್ನೇ ಹೇಳುತ್ತೇನೆ. ಕಾರಣ ಇದು. ಬಿಳಿ ಗಲ್ ಒಂದು ಕ್ಷಣ ಆಕಾಶದ ಮುಂದೆ, ಮರುಕ್ಷಣ ಕಪ್ಪು ನೀರಿನ ಮುಂದೆ, ಆಮೇಲೆ ನೊರೆಯ ಮುಂದೆ ಹಾರುತ್ತದೆ. ಹಕ್ಕಿಯ ಮೇಲೆ ಬೀಳುವ ಬಿಸಿಲು ಬದಲಾಗಿಲ್ಲ. ಹಿಂದಿನ ಬಣ್ಣ ಮಾತ್ರ ಬದಲಾಗಿದೆ. ಆಟೋದಲ್ಲಿ ಇಟ್ಟರೆ ಕ್ಯಾಮೆರಾ ಹಿಂದಿನದನ್ನು ನೋಡಿ ಮೋಸ ಹೋಗುತ್ತದೆ. ಕಪ್ಪು ನೀರಿನ ಮುಂದೆ ಬಿಳಿ ಹಕ್ಕಿ ಸುಟ್ಟು ಹೋಗುತ್ತದೆ, ಬೆಳ್ಳನೆಯ ಆಕಾಶದ ಮುಂದೆ ಕಪ್ಪಾಗುತ್ತದೆ.

ಸೂರ್ಯ ಮೇಲಿದ್ದು ಬಿಸಿಲು ಚೆನ್ನಾಗಿದ್ದರೆ, ಬಿಳಿ ಹಕ್ಕಿಗೆ ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಚುರುಕು ಎಂಬುದು) 400, ಎಫ್ 8 (ಲೆನ್ಸ್ ಎಷ್ಟು ತೆರೆದಿದೆ ಎಂಬುದು), ಶಟರ್ 1/3200 ಸೆಕೆಂಡ್ ಇಟ್ಟು ಶುರು ಮಾಡಿ. ನೀರುಕಾಗೆಯಂಥ ಕಪ್ಪು ಹಕ್ಕಿಗೆ ಅದನ್ನೇ 1/1600 ಅಥವಾ 1/800ಕ್ಕೆ ಇಳಿಸಿ. ಒಂದು ಫೋಟೋ ತೆಗೆದು ಹೈಲೈಟ್ ಎಚ್ಚರಿಕೆ (ಅತಿ ಬೆಳಕಾದ ಭಾಗ ಸ್ಕ್ರೀನಿನಲ್ಲಿ ಮಿನುಗುವುದು) ನೋಡಿ. ರೆಕ್ಕೆಯ ಬಿಳಿ ಮಿನುಗುತ್ತಿದ್ದರೆ ಸ್ವಲ್ಪ ಕಡಿಮೆ ಮಾಡಿ. ನೊರೆ ಅಲ್ಲಲ್ಲಿ ಮಿನುಗಿದರೆ ಪರವಾಗಿಲ್ಲ, ಗರಿ ಮಿನುಗಬಾರದು. ಗರಿಯ ಗೆರೆಗಳು ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಮೋಡ ಅಡ್ಡ ಬಂದಾಗ ಮಾತ್ರ ಮತ್ತೆ ಸರಿ ಮಾಡಿಕೊಳ್ಳಿ. ಮ್ಯಾನುಯಲ್ ಅಭ್ಯಾಸ ಇಲ್ಲದವರು ಕಪ್ಪು ನೀರಿನ ಮುಂದೆ ಬಿಳಿ ಹಕ್ಕಿಗೆ ಕಾಂಪನ್ಸೇಷನ್ (ಆಟೋ ಬೆಳಕಿನ ತಿದ್ದುಪಡಿ) ಒಂದು ಸ್ಟಾಪ್ ಕಡಿಮೆ, ಅಂದರೆ ಅರ್ಧ ಬೆಳಕು, ಬೆಳಕಿನ ಆಕಾಶದ ಮುಂದೆ ಒಂದು ಸ್ಟಾಪ್ ಜಾಸ್ತಿ, ಅಂದರೆ ಎರಡರಷ್ಟು ಬೆಳಕು, ಇಟ್ಟುಕೊಳ್ಳಿ.

ಶಟರ್ ವೇಗ ಹಕ್ಕಿಯ ಸ್ವಭಾವದ ಮೇಲೆ ಹೋಗುತ್ತದೆ. ತೇಲುತ್ತಾ ಹಾರುವ ಗಲ್‌ಗೆ 1/1000 ಸಾಕು. ಟರ್ನ್‌ಗೆ 1/2500 ಆದರೂ ಬೇಕು. ನಡೆಯುವ ಹಕ್ಕಿಗೆ 1/500. ಓಡುವ ಸ್ಯಾಂಡರ್ಲಿಂಗ್‌ಗೆ 1/1600. ಬೆಳಕು ಕಡಿಮೆಯಾದರೆ ಐಎಸ್‌ಒ ಏರಿಸಲು ಹೆದರಬೇಡಿ. ನಾಯ್ಸ್ (ಕಾಳು ಕಾಳಾಗಿ ಕಾಣುವುದು) ಇರುವ ಚೂಪಾದ ಫೋಟೋ ಉಳಿಯುತ್ತದೆ, ನಾಯ್ಸ್ ಇಲ್ಲದ ಮಸುಕಾದ ಫೋಟೋ ಡಿಲೀಟ್ ಆಗುತ್ತದೆ.

ಫೋಕಸ್ ಚಲಿಸುವ ಹಕ್ಕಿಯನ್ನು ಬಿಡದೆ ಹಿಂಬಾಲಿಸುವ ಕಂಟಿನ್ಯುಯಸ್‌ನಲ್ಲಿರಲಿ. ಹಕ್ಕಿಯ ಕಣ್ಣು ಹಿಡಿಯುವ ಸೌಲಭ್ಯ ಕ್ಯಾಮೆರಾದಲ್ಲಿದ್ದರೆ ಆನ್ ಮಾಡಿ. ಹಿಂದೆ ಅಲೆ ಇದ್ದಾಗ ಫೋಕಸ್ ನೊರೆಗೆ ಹಾರಿಬಿಡುತ್ತದೆ. ಹಾಗಾದರೆ ಫೋಕಸ್ ಜಾಗವನ್ನು ಚಿಕ್ಕದು ಮಾಡಿ, ಹಕ್ಕಿ ದೂರ ಇರುವಾಗಲೇ ಹಿಡಿದು ಜೊತೆಗೇ ಬನ್ನಿ. ಜೂಮ್ ಪೂರ್ತಿ ಎಳೆದುಕೊಂಡು ಹಕ್ಕಿ ಹುಡುಕಬೇಡಿ. 200ರಲ್ಲಿ ಹುಡುಕಿ, ಸಿಕ್ಕ ಮೇಲೆ 400ಕ್ಕೆ ಹೋಗಿ.

ಒಂದರ ಹಿಂದೆ ಒಂದು ಫೋಟೋ ತೆಗೆಯುವ ಬರ್ಸ್ಟ್ ಒತ್ತಿ ಹಿಡಿದೇ ಇರಬೇಡಿ. ಟರ್ನ್ ಬೇಟೆಯನ್ನು ಒಂದು ಸಲ ಪೂರ್ತಿ ನೋಡಿ. ನೀರಿನ ಮೇಲೆ ಹೋಗುತ್ತಾ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಕೊಕ್ಕು ಕೆಳಗೆ ತಿರುಗುತ್ತದೆ. ಬಾಲ ಬೀಸಣಿಗೆಯ ಹಾಗೆ ಬಿಚ್ಚುತ್ತದೆ, ರೆಕ್ಕೆ ನಿಂತಲ್ಲೇ ಪಟಪಟ ಬಡಿಯುತ್ತದೆ. ಹಾಗೆ ಒಂದೆರಡು ಸೆಕೆಂಡ್, ಆಮೇಲೆ ಕಲ್ಲು ಬಿದ್ದ ಹಾಗೆ ನೀರಿಗೆ. ಬಾಲ ಬಿಚ್ಚಿದ್ದೇ ನಿಮಗೆ ಸೂಚನೆ. ಆಗ ಒತ್ತಲು ಶುರು ಮಾಡಿದರೆ ಎರಗುವುದು, ನೀರು ಚಿಮ್ಮುವುದು, ಮೀನು ಹಿಡಿದು ಮೇಲೆ ಬರುವುದು ಎಲ್ಲ ಸಿಗುತ್ತದೆ. ಮೇಲೆ ಬಂದು ಕೆಲವು ಮೀಟರ್ ಹೋದ ಮೇಲೆ ಎಷ್ಟೋ ಸಲ ಅದು ಹಾರುತ್ತಲೇ ಮೈ ಕೊಡವುತ್ತದೆ. ಹನಿಗಳು ಸುತ್ತಲೂ ಉಂಗುರದ ಹಾಗೆ ಹೋಗುತ್ತವೆ. ತುಂಬಾ ಜನ ಅಷ್ಟರಲ್ಲಿ ಕ್ಯಾಮೆರಾ ಇಳಿಸಿರುತ್ತಾರೆ. ಇನ್ನೊಂದು ಕ್ಷಣ ಹಿಡಿದುಕೊಳ್ಳಿ.

ಸುಮ್ಮನೆ ನಿಂತ ಗಲ್‌ನಲ್ಲೂ ನೋಡುವುದು ಬೇಕಾದಷ್ಟಿದೆ. ಅದರ ಕೊಕ್ಕಿನ ತುದಿಗೆ ಫೋಕಸ್ ಮಾಡಿ ಕಾಯಿರಿ. ಅಲ್ಲಿ ಒಂದು ಹನಿ ಸಣ್ಣಗೆ ಕೂಡಿಕೊಳ್ಳುತ್ತದೆ, ತೂಗುತ್ತದೆ, ಹಕ್ಕಿ ತಲೆ ಅಲ್ಲಾಡಿಸಿದಾಗ ಹಾರಿ ಹೋಗುತ್ತದೆ. ಅದು ನೀರಲ್ಲ, ಗಟ್ಟಿ ಉಪ್ಪು ದ್ರಾವಣ. ಕಡಲಹಕ್ಕಿಗಳ ಕಣ್ಣಿನ ಮೇಲ್ಭಾಗದಲ್ಲಿ ಉಪ್ಪು ಸೋಸುವ ಗ್ರಂಥಿಗಳಿವೆ. ಕುಡಿದ ಸಮುದ್ರದ ನೀರಿನ ಹೆಚ್ಚುವರಿ ಉಪ್ಪು ಮೂಗಿನ ಹೊಳ್ಳೆಯಿಂದ ಇಳಿದು ಕೊಕ್ಕಿನ ತುದಿಯಲ್ಲಿ ಹನಿಯಾಗುತ್ತದೆ. ಹಿಂದಿನಿಂದ ಬೆಳಕು ಬಿದ್ದರೆ ಆ ಹನಿ ದೀಪದ ಹಾಗೆ ಹೊಳೆಯುತ್ತದೆ.

ಹಂತ 6: ಅಲೆಗಳು

ಅಲೆಗೆ ಎರಡು ದಾರಿ. ಒಂದು, ನಿಲ್ಲಿಸುವುದು. ಇನ್ನೊಂದು, ಹರಿಯಲು ಬಿಡುವುದು. ಮಧ್ಯದ ವೇಗಗಳು, ಅಂದರೆ 1/60, 1/125 ಇಂಥವು, ಬಹಳ ಸಲ ಎರಡೂ ಅಲ್ಲದ ಫೋಟೋ ಕೊಡುತ್ತವೆ. ಯಾವುದು ಬೇಕು ಎಂದು ಮೊದಲೇ ಗಟ್ಟಿ ಮಾಡಿಕೊಳ್ಳಿ.

ನಿಲ್ಲಿಸಬೇಕಾದರೆ 1/1000ದಿಂದ 1/2000. ಹಕ್ಕಿಗೆ ಇಟ್ಟ ಸೆಟ್ಟಿಂಗ್ ಹೆಚ್ಚೂ ಕಡಿಮೆ ಹಾಗೇ ನಡೆಯುತ್ತದೆ. ಅಲೆ ಎಲ್ಲಿ ಒಡೆಯುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆ ಒಡೆಯುತ್ತದೆ. ತಳ ಅಲ್ಲೇ ಇರುವುದರಿಂದ ಒಂದೇ ಎತ್ತರದ ಅಲೆಗಳು ಒಂದೇ ಸಾಲಿನಲ್ಲಿ ಒಡೆಯುತ್ತವೆ, ದೊಡ್ಡವು ಇನ್ನೂ ಆಚೆಯೇ ಒಡೆಯುತ್ತವೆ. ಆ ಜಾಗಕ್ಕೆ ಮೊದಲೇ ಫೋಕಸ್ ಮಾಡಿಟ್ಟು ಕಾಯಿರಿ. ನೆತ್ತಿ ಬಾಗಿ ತೆಳುವಾಗುವ ಕ್ಷಣವೇ ಒತ್ತುವ ಕ್ಷಣ. ಬಿದ್ದ ಮೇಲೆ ಉಳಿಯುವುದು ಬರೀ ನೊರೆ.

ಸೂರ್ಯ ಕೆಳಗಿದ್ದು ಅಲೆಯ ಹಿಂದಿನಿಂದ ಬೆಳಕು ಬರುತ್ತಿದ್ದರೆ ಜಾಗ ಬದಲಾಯಿಸಿ ಸೂರ್ಯನಿಗೆ ಎದುರಾಗಿ. ಬೆಳಕು ಬೆನ್ನ ಹಿಂದೆ ಇರಬೇಕು ಅನ್ನುವ ಮಾತು ಹಕ್ಕಿಗೆ ಸರಿ, ಅಲೆಗೆ ಇಲ್ಲಿ ಬೇಡ. ಬಾಗಿದ ನೀರಿನ ತೆಳು ಗೋಡೆಯೊಳಗಿಂದ ಬೆಳಕು ಹಾದು ಅದು ಹಸಿರು ಗಾಜಿನ ಹಾಗೆ ಬೆಳಗುತ್ತದೆ. ಇಂಥ ಬೆಳಕಿನಲ್ಲಿ ಆಕಾಶಕ್ಕೂ ನೀರಿಗೂ ಬಹಳ ವ್ಯತ್ಯಾಸ ಇರುತ್ತದೆ. ಇದು ಹಳೆಯ ಕಷ್ಟ. 1850ರ ದಶಕದಲ್ಲಿ ಗುಸ್ತಾವ್ ಲ ಗ್ರೇ ಎಂಬ ಫ್ರೆಂಚ್ ಛಾಯಾಗ್ರಾಹಕರು ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಪ್ರಿಂಟಿನಲ್ಲಿ ಸೇರಿಸುತ್ತಿದ್ದರು. ನಮಗೆ ಸೆನ್ಸರ್ ಕಂಡದ್ದನ್ನೆಲ್ಲ ಉಳಿಸುವ ರಾ ಫೈಲ್ ಇದೆ. ಆಕಾಶ ಸುಡದ ಹಾಗೆ ತೆಗೆಯಿರಿ, ನೆರಳನ್ನು ಆಮೇಲೆ ಎತ್ತಬಹುದು.

ನೀರು ಹರಿಯುವ ಹಾಗೆ ಬೇಕಾದರೆ ಟ್ರೈಪಾಡ್ ಬೇಕು. 1/4ರಿಂದ 1 ಸೆಕೆಂಡ್ ನನಗೆ ಇಷ್ಟ. ಅಲೆ ವಾಪಸ್ ಹೋಗುವಾಗ ನೊರೆ ಮರಳಿನ ಮೇಲೆ ಎಳೆ ಎಳೆಯಾಗಿ ಬರುತ್ತದೆ. ಅಲೆ ದಡ ಮುಟ್ಟಿ ತಿರುಗುವ ಕ್ಷಣಕ್ಕೆ ಒತ್ತಿ. 30 ಸೆಕೆಂಡ್ ಇಟ್ಟರೆ ಸಮುದ್ರ ಮಂಜಿನ ಹಾಗೆ ಆಗಿಬಿಡುತ್ತದೆ. ಅದನ್ನು ಇಷ್ಟಪಡುವವರು ಇದ್ದಾರೆ. ಅಲೆ ನೋಡಲೆಂದೇ ಬಂದು ಅಲೆಯನ್ನೇ ಅಳಿಸುವುದು ನನಗೆ ಯಾಕೋ ಒಗ್ಗುವುದಿಲ್ಲ.

ಹಗಲಿನಲ್ಲಿ ಇಷ್ಟು ನಿಧಾನ ಶಟರ್‌ಗೆ ಎನ್‌ಡಿ ಫಿಲ್ಟರ್, ಅಂದರೆ ಬೆಳಕು ತಡೆಯುವ ಕಪ್ಪು ಗಾಜು, ಬೇಕು. ಫಿಲ್ಟರ್ ಇಲ್ಲದೆ 1/125 ಬರುತ್ತಿದ್ದರೆ, 3 ಸ್ಟಾಪ್ ಫಿಲ್ಟರ್‌ಗೆ 1/15, 6 ಸ್ಟಾಪ್‌ಗೆ 1/2 ಸೆಕೆಂಡ್, 10 ಸ್ಟಾಪ್‌ಗೆ ಸುಮಾರು 8 ಸೆಕೆಂಡ್. ಒಂದನ್ನೇ ಇಟ್ಟುಕೊಳ್ಳುವುದಾದರೆ 6 ಸ್ಟಾಪ್ ಇಟ್ಟುಕೊಳ್ಳಿ. ಸೂರ್ಯ ಮುಳುಗಿದ ಮೇಲೆ ಫಿಲ್ಟರ್ ಬೇಕಾಗುವುದೇ ಇಲ್ಲ.

ಟ್ರೈಪಾಡ್ ಬಗ್ಗೆ ಒಂದು ಅನುಭವ. ಒದ್ದೆ ಮರಳಿನಲ್ಲಿ ಇಟ್ಟು ಎಲ್ಲ ಸರಿಯಾಗಿದೆ ಅಂದುಕೊಂಡೆ. ಪ್ರತಿ ಅಲೆ ಕಾಲಿನ ಸುತ್ತಲಿನ ಮರಳನ್ನು ಸ್ವಲ್ಪ ಸ್ವಲ್ಪ ಎಳೆದುಕೊಂಡು ಹೋಗುತ್ತಿತ್ತು. ಟ್ರೈಪಾಡ್ ನನಗೆ ಗೊತ್ತಾಗದ ಹಾಗೆ ಇಳಿಯುತ್ತಿತ್ತು. ಮನೆಗೆ ಬಂದು ನೋಡಿದರೆ ಆ ಸಂಜೆಯ ಒಂದು ಫೋಟೋದಲ್ಲೂ ದಿಗಂತ ನೆಟ್ಟಗಿಲ್ಲ, ಒಂದೂ ಚೂಪಾಗಿಲ್ಲ. ಅವತ್ತಿನಿಂದ ಕಾಲುಗಳನ್ನು ಮೊದಲೇ ಬಲವಾಗಿ ಒತ್ತಿ ಒಂದು ಗೇಣು ಹೂಳುತ್ತೇನೆ. ನೀರು ಕಾಲು ಮುಟ್ಟಿದಾಗ ತೆಗೆಯುವುದಿಲ್ಲ, ಹಿಂದೆ ಹೋದ ಮೇಲೆ ತೆಗೆಯುತ್ತೇನೆ. ಪ್ರತಿ ಐದಾರು ಫೋಟೋಗೆ ಒಮ್ಮೆ ದಿಗಂತ ನೋಡಿಕೊಳ್ಳುತ್ತೇನೆ.

ಅಲೆ ಎಷ್ಟು ದೊಡ್ಡದು ಎಂದು ನೋಡುವವರಿಗೆ ತಿಳಿಯಬೇಕಾದರೆ ಪಕ್ಕದಲ್ಲಿ ಏನಾದರೂ ಬೇಕು. ಅದಕ್ಕೆ ಹಕ್ಕಿಗಿಂತ ಒಳ್ಳೆಯದು ಯಾವುದಿದೆ? ಒಡೆಯುವ ಅಲೆಯ ಸಾಲಿಗೆ ಫ್ರೇಮ್ ಹಿಡಿದು, ಗಲ್ ಅದರ ಮುಂದೆ ಹಾದು ಹೋಗುವುದನ್ನು ಕಾಯಿರಿ. ಹತ್ತು ಸಲ ತಪ್ಪುತ್ತದೆ. ಹನ್ನೊಂದನೆಯ ಸಲ ಬಾಗಿದ ಹಸಿರು ಗೋಡೆಯ ಮುಂದೆ ಬಿಳಿ ರೆಕ್ಕೆ ಪೂರ್ತಿ ಬಿಚ್ಚಿ ಸಿಗುತ್ತದೆ. ಹಕ್ಕಿ ಮತ್ತು ಅಲೆ ಎರಡೂ ಒಂದೇ ಫೋಟೋದಲ್ಲಿ ಬಂದ ದಿನ ನನಗೆ ಬೇರೆ ಏನೂ ಬೇಡ.

ಹಂತ 7: ಫೋನ್ ಮಾತ್ರ ಇದ್ದರೆ

ಬ್ಯಾಗು ಜೊತೆಗಿಲ್ಲದ ದಿನವೇ ಬಿಡುವು ಸಿಗಬಹುದು. ಆಗಲೂ ಹೋಗಿ. ಮೊದಲು ಫೋನಿನ ಲೆನ್ಸ್ ಒರೆಸಿ, ಜೇಬಿನ ಜಿಡ್ಡು ಅರ್ಧ ಫೋಟೋ ಕೆಡಿಸುತ್ತದೆ. ಒಂಟಿ ಹಕ್ಕಿಯ ಹಿಂದೆ ಬೀಳಬೇಡಿ. ಗುಂಪು, ನೆರಳುಚಿತ್ರ, ಮರಳಿನ ಮೇಲಿನ ಹೆಜ್ಜೆ ಸಾಲು, ದಡಕ್ಕೆ ಬಂದ ನೊರೆಯ ಅಂಚು ಇವೆಲ್ಲ ಫೋನಿಗೆ ಚೆನ್ನಾಗಿ ಬರುತ್ತವೆ. ಪರದೆಯ ಮೇಲೆ ಒತ್ತಿ ಹಿಡಿದು ಫೋಕಸ್ ಮತ್ತು ಎಕ್ಸ್‌ಪೋಷರ್ ಲಾಕ್ ಮಾಡಿ, ಬೆರಳಿನಿಂದ ಸ್ವಲ್ಪ ಕೆಳಗೆ ಎಳೆದು ಕತ್ತಲು ಮಾಡಿ. ಆಗ ನೊರೆಯ ಬಿಳಿ ಉಳಿಯುತ್ತದೆ. ಡಿಜಿಟಲ್ ಜೂಮ್ ಬೇಡ.

ಹಂತ 8: ಉಪ್ಪು ತೆಗೆದು ಮನೆಗೆ

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಲೆನ್ಸ್ ಮೇಲೆ ಬಿದ್ದ ತುಂತುರು ಒಣಗಿದಾಗ ಆ ಉಪ್ಪು ಹರಳಾಗುತ್ತದೆ. ಅದನ್ನು ಒಣ ಬಟ್ಟೆಯಿಂದ, ಅದಕ್ಕಿಂತ ಕೆಟ್ಟದಾಗಿ ಅಂಗಿಯ ಅಂಚಿನಿಂದ ಉಜ್ಜಿದರೆ ಗಾಜಿಗೆ ಗೀರು ಬೀಳಬಹುದು. ಮೊದಲು ಬ್ಲೋವರ್‌ನಿಂದ ಮರಳು ಊದಿ. ಆಮೇಲೆ ಸಿಹಿನೀರಿನಲ್ಲಿ ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಕೊನೆಗೆ ಒಣ ಬಟ್ಟೆ. ಇದೇ ಕ್ರಮ, ಹಿಂದು ಮುಂದು ಮಾಡಬೇಡಿ. ಕ್ಯಾಮೆರಾದ ಬಟನ್ ಸಂದು, ಲೆನ್ಸ್ ಉಂಗುರ, ಬ್ಯಾಟರಿ ಬಾಗಿಲು ಇವನ್ನೂ ಒದ್ದೆ ಬಟ್ಟೆಯಿಂದ ಒರೆಸಿ. ಟ್ರೈಪಾಡ್ ಕಾಲುಗಳನ್ನು ಪೂರ್ತಿ ಎಳೆದು ನಲ್ಲಿ ನೀರಿನಲ್ಲಿ ತೊಳೆದು, ಎಳೆದಿಟ್ಟ ಹಾಗೇ ಒಣಗಲು ಬಿಡಿ. ಒದ್ದೆ ಇರುವಾಗ ಮಡಿಸಿದರೆ ಒಳಗೆ ಉಪ್ಪು ಕಟ್ಟಿಕೊಂಡು ಮುಂದಿನ ಸಲ ತಿರುಗುವುದೇ ಇಲ್ಲ.

ಎಸಿ ಕಾರಿನಿಂದ ಸೆಕೆಯ ದಡಕ್ಕೆ ಇಳಿದ ಕೂಡಲೇ ಕ್ಯಾಮೆರಾ ಹೊರಗೆ ತೆಗೆದರೆ ಗಾಜು ಬೆವರುತ್ತದೆ. ಬ್ಯಾಗಿನ ಜಿಪ್ ಹಾಕಿಯೇ 20 ನಿಮಿಷ ಬಿಡಿ. ಸುಮ್ನೆ ನೋಡುವ 20 ನಿಮಿಷ ಅಂತ ಹೇಳಿದೆನಲ್ಲ, ಅದಕ್ಕೂ ಇದಕ್ಕೂ ಸರಿಹೋಗುತ್ತದೆ. ಚಳಿಯ ಊರಿನಲ್ಲಿ ಇದು ಉಲ್ಟಾ. ದಡದಿಂದ ಬೆಚ್ಚಗಿನ ಮನೆಗೆ ಬಂದಾಗ ಬ್ಯಾಗು ತೆರೆಯದೆ ಇಡಿ.

ಫೋಟೋಗಳನ್ನು ಅವತ್ತೇ ಆರಿಸಲು ಕೂರಬೇಡಿ. ಆಯಾಸದಲ್ಲಿ ಎಲ್ಲವೂ ಚೆನ್ನಾಗಿ ಕಾಣುತ್ತವೆ, ಇಲ್ಲವೇ ಯಾವುದೂ ಕಾಣುವುದಿಲ್ಲ. ಮರುದಿನ ನೋಡಿ. ಹಕ್ಕಿಯ ಕಣ್ಣು ಚೂಪಾಗಿಲ್ಲದ್ದನ್ನು ಮೊದಲು ತೆಗೆಯಿರಿ. ಉಳಿದದ್ದರಲ್ಲಿ ರೆಕ್ಕೆ ಪೂರ್ತಿ ಮೇಲೆ ಅಥವಾ ಪೂರ್ತಿ ಕೆಳಗೆ ಇರುವುದನ್ನು ಇಟ್ಟುಕೊಳ್ಳಿ. ಅಲೆಯ ಫೋಟೋದಲ್ಲಿ ದಿಗಂತ ನೆಟ್ಟಗೆ ಮಾಡಿ, ಅದಕ್ಕಿಂತ ಜಾಸ್ತಿ ತಿದ್ದುಪಡಿ ಬೇಕಾಗುವುದು ಕಡಿಮೆ.

ಕಾರ್ಡ್ ಕಾಪಿ ಆದ ಮೇಲೆ ಎರಡು ಕಡೆ ಉಳಿಸಿ, ಆಮೇಲೆ ಫಾರ್ಮ್ಯಾಟ್ ಮಾಡಿ. ಬ್ಯಾಟರಿ ಚಾರ್ಜಿಗೆ ಹಾಕಿ. ಟವೆಲ್ ಒಗೆದು ಒಣಗಿಸಿ. ಬಾಟಲಿಗೆ ನೀರು ತುಂಬಿ. ಎಲ್ಲವನ್ನೂ ಅದೇ ಬ್ಯಾಗಿಗೆ ಸೇರಿಸಿ, ಬಾಗಿಲ ಹತ್ತಿರ ಅದೇ ಜಾಗದಲ್ಲಿ ಇಡಿ.